ಬಟ್ಟೆ ಕೊನೆಗೆ ಆರಿಸಿ: ಅಳತೆ ಕೊಟ್ಟು ಪರದೆ ಮಾಡಿಸುವವರಿಗೆ

"ಹಾಲ್‌ಗೆ ಯಾವ ಬಣ್ಣದ ಕರ್ಟನ್ ಹಾಕಿಸಲಿ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಇದರ ಬೆನ್ನಿಗೇ ಬರುವುದು, "ಕರ್ಟನ್ ಒಳ್ಳೆಯದಾ, ಬ್ಲೈಂಡ್ ಒಳ್ಳೆಯದಾ?" ಎರಡಕ್ಕೂ ಒಂದೇ ಮಾತಿನ ಉತ್ತರ ಇಲ್ಲ. ಆ ಕಿಟಕಿ ಯಾವ ದಿಕ್ಕಿಗಿದೆ, ಬಾಗಿಲು ಒಳಗೆ ತೆರೆಯುತ್ತದೋ ಹೊರಗೋ, ರಾತ್ರಿ ದೀಪ ಹಾಕಿದರೆ ಎದುರು ಮನೆಯವರಿಗೆ ಕಾಣುತ್ತದೋ ಇಲ್ಲವೋ, ಇದೊಂದೂ ಗೊತ್ತಿಲ್ಲದೆ ಬಣ್ಣ ಹೇಳಿ ಏನು ಪ್ರಯೋಜನ?

ಸಿದ್ಧ ಪರದೆ ಸರಿಹೋಗದಿದ್ದರೆ ಬದಲಾಯಿಸಬಹುದು. ಅಳತೆ ಕೊಟ್ಟು ಮಾಡಿಸಿದ್ದನ್ನು ಸಾಮಾನ್ಯವಾಗಿ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಯಾವುದನ್ನು ಮೊದಲು ತೀರ್ಮಾನಿಸುತ್ತೀರಿ ಅನ್ನುವುದೇ ಮುಖ್ಯ. ಮೊದಲು ಕಿಟಕಿಗೆ ಏನು ಬೇಕು ಎಂದು ನೋಡಿ. ಆಮೇಲೆ ಪರದೆಯ ಬಗೆ, ಆಮೇಲೆ ರಾಡ್, ಆಮೇಲೆ ಅಳತೆ. ಬಟ್ಟೆ ಎಲ್ಲಕ್ಕಿಂತ ಕೊನೆಗೆ. ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ. ಅಂಗಡಿಯಲ್ಲಿ ಬಟ್ಟೆ ಇಷ್ಟವಾಯಿತು ಅಂತ ಅಂದಾಜಿನಲ್ಲಿ ಕತ್ತರಿಸಿಕೊಂಡು ಬಂದು, ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಲು ಒದ್ದಾಡುತ್ತಾರೆ.

ಬೇಕಾಗುವ ಸಾಮಾನು ಇಷ್ಟೇ: ಸ್ಟೀಲ್ ಟೇಪು, ಗಟ್ಟಿಯಾದ ಸ್ಟೂಲು, ಪುಸ್ತಕ, ಪೆನ್ಸಿಲ್, ಗೋಡೆಗೆ ಗುರುತು ಅಂಟಿಸಲು ಕಾಗದದ ಟೇಪು. ಬಟ್ಟೆ ಅಳೆಯುವ ಮೆತ್ತನೆಯ ಟೇಪು ಬೇಡ. ಎಳೆದಷ್ಟೂ ಹಿಗ್ಗುತ್ತದೆ, ಉದ್ದದ ಅಳತೆಯಲ್ಲಿ ಕೈಕೊಡುತ್ತದೆ.

1. ಒಂದೊಂದು ಕಿಟಕಿಗೂ ಒಂದೊಂದು ಪುಟ

ಪುಸ್ತಕದಲ್ಲಿ ಪ್ರತಿ ಕಿಟಕಿಗೂ ಒಂದು ಪುಟ ಬಿಡಿ. ದಿಕ್ಕು ಬರೆಯಿರಿ. ಕಿಟಕಿಯ ಬಾಗಿಲು ಹೇಗೆ ತೆರೆಯುತ್ತದೆ ಬರೆಯಿರಿ. ಸುತ್ತಮುತ್ತ ಏನಿದೆ ನೋಡಿ: ಎಸಿ, ಸ್ವಿಚ್ ಬೋರ್ಡು, ಬೀರು, ಒಲೆ, ಮಂಚದ ತಲೆಭಾಗ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದೊಂದು ಫೋಟೊ ತೆಗೆದಿಟ್ಟುಕೊಳ್ಳಿ. ಕೊನೆಗೆ ಆ ಕಿಟಕಿಯ ಪರದೆಯಿಂದ ನಿಮಗೆ ಬೇಕಾದ ಒಂದು ಮುಖ್ಯ ಕೆಲಸ ಯಾವುದು ಎಂದು ಒಂದೇ ಸಾಲಿನಲ್ಲಿ ಬರೆಯಿರಿ. ಕತ್ತಲೆ ಬೇಕಾ? ಮರೆ ಬೇಕಾ? ಬಿಸಿಲು ತಡೆಯಬೇಕಾ? ಅಥವಾ ಸುಮ್ನೆ ಚೆನ್ನಾಗಿ ಕಂಡರೆ ಸಾಕಾ? "ಎಲ್ಲಾ ಬೇಕು" ಅಂತ ಬರೆದರೆ ಮುಂದಿನ ಯಾವ ತೀರ್ಮಾನವೂ ಸುಲಭ ಆಗುವುದಿಲ್ಲ.

ದಿಕ್ಕಿನ ಬಗ್ಗೆ ಒಂದು ಮಾತು. ನಡು ಮಧ್ಯಾಹ್ನದ ಸೂರ್ಯ ಎತ್ತರದಲ್ಲಿದ್ದರೆ ಕಿಟಕಿ ಮೇಲಿನ ಸಜ್ಜವೇ ಬಹಳಷ್ಟು ಬಿಸಿಲು ತಡೆಯುತ್ತದೆ. ಪೂರ್ವ ಮತ್ತು ಪಶ್ಚಿಮದ ಕಿಟಕಿಗಳಲ್ಲಿ ಸೂರ್ಯ ಕೆಳಗಿರುವಾಗಲೇ ಬಿಸಿಲು ನೇರ ಒಳಗೆ ಬೀಳುತ್ತದೆ, ಸಜ್ಜ ಉಪಯೋಗಕ್ಕೆ ಬರುವುದಿಲ್ಲ. ಅದರಲ್ಲೂ ಪಶ್ಚಿಮದ ಬಿಸಿಲು ಬರುವುದು ಮನೆ ಆಗಲೇ ಕಾದಿರುವ ಹೊತ್ತಿಗೆ. ಗಾಜು ದಾಟಿ ಒಳಗೆ ಬಂದ ಬಿಸಿಲಿನಲ್ಲಿ ಹೆಚ್ಚಿನ ಪಾಲು ಕೋಣೆಯೊಳಗೇ ಶಾಖವಾಗಿ ಉಳಿಯುತ್ತದೆ. ಒಳಗಿನ ಪರದೆ ಸ್ವಲ್ಪ ಭಾಗವನ್ನು ಮಾತ್ರ ಗಾಜಿನಾಚೆಗೆ ತಿರುಗಿಸಿ ಕಳಿಸಬಲ್ಲದು. ಅದಕ್ಕೂ ಪರದೆಯ ಹಿಂಬದಿ ಬಿಳಿ ಅಥವಾ ತಿಳಿ ಬಣ್ಣದ್ದಾಗಿರಬೇಕು. ಸೆಕೆಯೇ ನಿಮ್ಮ ಮುಖ್ಯ ತೊಂದರೆ ಆಗಿದ್ದರೆ ಒಳಗಿನ ಪರದೆಗಿಂತ ಕಿಟಕಿಯ ಹೊರಗಡೆ ಹಾಕುವ ಬಿದಿರಿನ ತಟ್ಟಿ ಅಥವಾ ಕ್ಯಾನ್ವಾಸ್ ಮರೆಯೇ ಜಾಸ್ತಿ ಕೆಲಸ ಮಾಡುತ್ತದೆ.

2. ಬಗೆ ಆರಿಸಿ

ಕರ್ಟನ್ ಗೊತ್ತೇ ಇದೆ, ರಾಡಿನಿಂದ ಇಳಿಬಿಟ್ಟ ಬಟ್ಟೆ. ಶೀರ್ ಅಂದರೆ ಬೆಳಕು ಸೋಸಿ ಬಿಡುವ ತೆಳು ಪರದೆ. ಹಗಲು ಹೊರಗಿನವರಿಗೆ ಒಳಗೆ ಕಾಣುವುದಿಲ್ಲ. ರಾತ್ರಿ ಒಳಗೆ ದೀಪ ಹಾಕಿದ ಕೂಡಲೇ ಉಲ್ಟಾ ಆಗುತ್ತದೆ: ನಿಮಗೆ ಹೊರಗೆ ಏನೂ ಕಾಣದು, ಹೊರಗಿನವರಿಗೆ ನೀವು ಚೆನ್ನಾಗಿ ಕಾಣುತ್ತೀರಿ. ಶೀರ್ ಒಂದನ್ನೇ ಹಾಕಿಸಿ ಮರೆ ಆಯಿತು ಅಂದುಕೊಂಡವರು ಬಹಳ ಮಂದಿ. ಒಂದು ರಾತ್ರಿ ನೀವೇ ಹೊರಗೆ ನಿಂತು ನೋಡಿ.

ರೋಲರ್ ಬ್ಲೈಂಡ್ ಒಂದು ಕೊಳವೆಗೆ ಸುತ್ತಿಕೊಂಡು ಮೇಲೇರುವ ಬಟ್ಟೆ. ಜಾಗ ಕಡಿಮೆ ಸಾಕು, ಒರೆಸುವುದು ಸುಲಭ. ರೋಮನ್ ಬ್ಲೈಂಡ್ ಅಗಲ ಮಡಿಕೆಗಳಾಗಿ ಮಡಚಿಕೊಂಡು ಮೇಲೇರುತ್ತದೆ. ಕರ್ಟನ್ನಿನ ಮೆತ್ತನೆಯ ನೋಟವೂ ಬೇಕು, ನೆಲದವರೆಗೆ ಬಟ್ಟೆಯೂ ಬೇಡ ಅನ್ನುವವರಿಗೆ ಇದು ಸರಿ. ವೆನೀಶಿಯನ್ ಅಂದರೆ ಅಡ್ಡ ಪಟ್ಟಿಗಳದ್ದು. ಪಟ್ಟಿ ಓರೆ ಮಾಡಿ ಬೆಳಕನ್ನು ಬೇಕಾದ ಕಡೆ ತಿರುಗಿಸಬಹುದು. ಧೂಳು ಒರೆಸುವ ತಾಳ್ಮೆ ಇದ್ದರೆ ಮಾತ್ರ ತೆಗೆದುಕೊಳ್ಳಿ. ವರ್ಟಿಕಲ್‌ನಲ್ಲಿ ಪಟ್ಟಿಗಳು ಉದ್ದಕ್ಕೆ ಇಳಿಬಿದ್ದಿರುತ್ತವೆ. ಅಗಲವಾದ ಗಾಜಿನ ಬಾಗಿಲಿಗೆ ಒಪ್ಪುತ್ತದೆ, ಬೇರೆ ಕಡೆ ಆಫೀಸಿನ ಕಳೆ ಬರುತ್ತದೆ. ಹನಿಕೋಂಬ್ ಜೇನುಗೂಡಿನ ಆಕಾರದ ಪೊಳ್ಳು ಕೋಶಗಳದ್ದು. ಆ ಕೋಶಗಳಲ್ಲಿ ಗಾಳಿ ಸಿಕ್ಕಿಕೊಂಡಿರುವುದರಿಂದ ಚಳಿ, ಸೆಕೆ ಎರಡಕ್ಕೂ ತಕ್ಕಮಟ್ಟಿಗೆ ತಡೆಯಾಗುತ್ತದೆ.

ಜೀಬ್ರಾ ಬ್ಲೈಂಡ್ ಈಗ ಎಲ್ಲರಿಗೂ ಬೇಕು. ತೆಳು ಪಟ್ಟಿ, ದಟ್ಟ ಪಟ್ಟಿ ಒಂದಾದಮೇಲೊಂದು ಬರುವ ಎರಡು ಪದರದ ಬಟ್ಟೆ ಅದು. ಹಾಲ್‌ಗೆ ಚೆನ್ನಾಗಿಯೇ ಇರುತ್ತದೆ. ಆದರೆ ಪೂರ್ತಿ ಮುಚ್ಚಿದರೂ ಪಟ್ಟಿಗಳ ಅಂಚಿನಲ್ಲಿ ಬೆಳಕು ಇಣುಕುತ್ತದೆ. ಮಲಗುವ ಕೋಣೆಗೆ ನಾನಂತೂ ಹಾಕಿಸಿ ಅನ್ನುವುದಿಲ್ಲ.

3. ಕೋಣೆಯಿಂದ ಕೋಣೆಗೆ

ಹಾಲ್: ಎರಡು ಸಾಲಿನ ರಾಡ್ ಹಾಕಿಸಿ. ಗಾಜಿನ ಕಡೆ ಶೀರ್, ಕೋಣೆಯ ಕಡೆ ದಪ್ಪ ಕರ್ಟನ್. ಹಗಲು ಶೀರ್ ಮುಚ್ಚಿರುತ್ತದೆ, ದೀಪ ಹಚ್ಚುವ ಹೊತ್ತಿಗೆ ದಪ್ಪದ್ದನ್ನು ಎಳೆದರಾಯಿತು. ಮುಂದಿನ ರಾಡ್ ಗೋಡೆಯಿಂದ ಸಾಕಷ್ಟು ದೂರ ಇರಬೇಕು. ಇಲ್ಲದಿದ್ದರೆ ಎರಡೂ ಬಟ್ಟೆಗಳು ಒಂದಕ್ಕೊಂದು ಉಜ್ಜಿ, ಒಂದನ್ನು ಎಳೆದರೆ ಇನ್ನೊಂದೂ ಬರುತ್ತದೆ.

ಮಲಗುವ ಕೋಣೆ: ಇಲ್ಲಿ ಎಲ್ಲರೂ ಬ್ಲ್ಯಾಕ್‌ಔಟ್ ಬಟ್ಟೆ ಕೇಳುತ್ತಾರೆ, ಅಂದರೆ ಬೆಳಕು ತೂರದ ಹಾಗೆ ಹಿಂದೆ ಲೇಪ ಹಾಕಿದ ಬಟ್ಟೆ. ತಂದು ಹಾಕಿಸಿದ ಮೇಲೂ ಬೆಳಿಗ್ಗೆ ಕೋಣೆ ಬೆಳಗುತ್ತದೆ, ಬಟ್ಟೆಯನ್ನು ಬೈಯುತ್ತಾರೆ. ತಪ್ಪು ಬಟ್ಟೆಯದ್ದಲ್ಲ. ಬೆಳಕು ಬರುವುದು ಮೇಲಿಂದ ಮತ್ತು ಎರಡು ಪಕ್ಕದಿಂದ. ಅದಕ್ಕೇ ಪರದೆ ಚೌಕಟ್ಟಿನ ಎರಡೂ ಪಕ್ಕ 15ರಿಂದ 20 ಸೆಂ.ಮೀ. ದಾಟಿರಲಿ. ಹೊರ ಅಂಚು ಬಾಗಿ ಗೋಡೆಯನ್ನು ಮುಟ್ಟುವ ಹಾಗೆ ರಾಡ್ ಕೂರಿಸಿ. ನಡುವೆ ಎರಡು ಪರದೆ ಸೇರುವಲ್ಲಿ ಒಂದರ ಮೇಲೊಂದು 5 ಸೆಂ.ಮೀ. ಬರಲಿ. ಮೇಲುಗಡೆ ಸೀಲಿಂಗಿಗೆ ಟ್ರ್ಯಾಕ್ (ಪರದೆಯ ಕೊಕ್ಕೆಗಳು ಜಾರುವ ಹಳಿ) ಅಥವಾ ರಾಡ್ ಮರೆಸುವ ಮರದ ಪೆಟ್ಟಿಗೆ ಇದ್ದರೆ ಇನ್ನೂ ಒಳ್ಳೆಯದು. ರೋಲರ್ ಬ್ಲೈಂಡ್ ಒಂದರಿಂದಲೇ ಕತ್ತಲೆ ಮಾಡುತ್ತೇನೆ ಅಂದುಕೊಳ್ಳಬೇಡಿ. ಎರಡು ತುದಿಯ ಬ್ರ್ಯಾಕೆಟ್‌ಗೆ ಜಾಗ ಬೇಕಾದ್ದರಿಂದ ಅದರ ಬಟ್ಟೆ ಒಟ್ಟು ಅಗಲಕ್ಕಿಂತ ಸುಮಾರು 3 ಸೆಂ.ಮೀ. ಕಡಿಮೆ ಇರುತ್ತದೆ. ಚೌಕಟ್ಟಿನ ಒಳಗೆ ಕೂರಿಸಿದರೆ ಎರಡೂ ಕಡೆ ಬೆಳಕಿನ ಗೆರೆ ಖಂಡಿತ.

ಮಕ್ಕಳ ಕೋಣೆ: ಇದು ಅಲಂಕಾರದ ವಿಷಯ ಅಲ್ಲ, ಜೀವದ ವಿಷಯ. ಬ್ಲೈಂಡ್ ಎಳೆಯುವ ಹಗ್ಗ ಮತ್ತು ಮಣಿಸರ ಪುಟ್ಟ ಮಕ್ಕಳ ಕುತ್ತಿಗೆಗೆ ಸಿಕ್ಕಿಕೊಂಡು ಸಾವುಗಳಾಗಿವೆ. ಅದಕ್ಕೆಂದೇ ಅಮೆರಿಕದ ಸುರಕ್ಷಾ ಮಾನದಂಡ ತೂಗಾಡುವ ಹಗ್ಗಕ್ಕೆ ಕಡಿವಾಣ ಹಾಕಿತು. 2018ರ ಕೊನೆಯಲ್ಲಿ ಸಿದ್ಧ ಬ್ಲೈಂಡ್‌ಗಳಿಗೆ, 2024ರ ಜೂನ್‌ನಿಂದ ಅಳತೆಗೆ ಮಾಡಿಸುವ ಬ್ಲೈಂಡ್‌ಗಳಿಗೂ ಅದು ಅನ್ವಯವಾಯಿತು. ನೀವು ಎಲ್ಲೇ ಇರಿ, ಹಗ್ಗವೇ ಇಲ್ಲದ ಬಗೆಯನ್ನು ಕೇಳಿ. ಹಳೆಯ ಬ್ಲೈಂಡ್ ತೆಗೆಯಲು ಆಗದಿದ್ದರೆ ಹಗ್ಗ ಸುತ್ತಿಡುವ ಕೊಕ್ಕೆಯನ್ನು ನೆಲದಿಂದ ಕನಿಷ್ಠ 1.5 ಮೀಟರ್ ಎತ್ತರದಲ್ಲಿ ಕೂರಿಸಿ. ತೊಟ್ಟಿಲು, ಮಂಚ, ಕುರ್ಚಿ ಯಾವುದೂ ಕಿಟಕಿಯ ಬಳಿ ಬೇಡ. ಮಗು ಹತ್ತಿ ನಿಂತರೆ ಎತ್ತರದ ಲೆಕ್ಕ ತಪ್ಪುತ್ತದೆ.

ಅಡುಗೆಮನೆ: ಒಲೆಯ ಹತ್ತಿರದ ಕಿಟಕಿಗೆ ತೂಗಾಡುವ ಬಟ್ಟೆ ಬೇಡವೇ ಬೇಡ. ಗಾಳಿಗೆ ಹಾರಿದರೆ ನೇರ ಬೆಂಕಿಯ ಮೇಲೆ. ಹತ್ತಿ ಹೊತ್ತಿಕೊಳ್ಳುತ್ತದೆ, ಪಾಲಿಯೆಸ್ಟರ್ ಕರಗಿ ಅಂಟುತ್ತದೆ. ಎಣ್ಣೆ ಜಿಡ್ಡೂ ಬಟ್ಟೆಯಲ್ಲಿ ಬೇಗ ಕೂರುತ್ತದೆ. ಅಲ್ಯೂಮಿನಿಯಂ ಪಟ್ಟಿಯ ವೆನೀಶಿಯನ್ ಅಥವಾ ಒದ್ದೆ ಬಟ್ಟೆಯಲ್ಲಿ ಒರೆಸಬಹುದಾದ ರೋಲರ್ ಸಾಕು.

ಬಚ್ಚಲು: ತೇವ ತಡೆಯುವ ಪಿವಿಸಿ ಅಥವಾ ಅಲ್ಯೂಮಿನಿಯಂ. ಮರದ ಪಟ್ಟಿ ಸೊಟ್ಟಗಾಗುತ್ತದೆ. ನಿಜ ಹೇಳಬೇಕೆಂದರೆ ಬಹಳ ಬಚ್ಚಲುಗಳಿಗೆ ಗಾಜಿಗೆ ಅಂಟಿಸುವ ಮಂಜು ಬಣ್ಣದ ಫಿಲ್ಮ್ ಸಾಕು, ಪರದೆಯೇ ಬೇಡ.

ಓದುವ, ಕೆಲಸ ಮಾಡುವ ಕೋಣೆ: ಮೊದಲು ಮೇಜನ್ನು ಕಿಟಕಿಗೆ ಅಡ್ಡಲಾಗಿ ಇಡಿ, ಬೆಳಕು ಪಕ್ಕದಿಂದ ಬರುವ ಹಾಗೆ. ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಉಳಿದದ್ದಕ್ಕೆ ಸ್ಕ್ರೀನ್ ಬಟ್ಟೆಯ ರೋಲರ್ ನೋಡಿ. ಇದು ಸಣ್ಣ ಸಣ್ಣ ತೂತುಗಳ ಹೆಣಿಗೆ. ಬಟ್ಟೆಯಲ್ಲಿ ಎಷ್ಟು ಪಾಲು ತೂತು ಎಂಬುದನ್ನು ಶೇಕಡಾ 1, 3, 5, 10 ಎಂದು ಹೇಳುತ್ತಾರೆ. ಕಂಪ್ಯೂಟರ್ ಪರದೆಗೆ ಬಿಸಿಲು ಹೊಡೆಯುವ ಕಡೆ 1 ಅಥವಾ 3, ಹೊರಗಿನ ನೋಟ ಬೇಕಾದರೆ 5 ಇರಲಿ. ಗಾಢ ಬಣ್ಣದ ಸ್ಕ್ರೀನ್‌ನಲ್ಲಿ ಹೊರಗಿನದು ಸ್ಪಷ್ಟವಾಗಿ ಕಾಣುತ್ತದೆ, ತಿಳಿ ಬಣ್ಣದ್ದು ಶಾಖವನ್ನು ಹೆಚ್ಚು ತಿರುಗಿಸುತ್ತದೆ. ಶೀರ್‌ನ ಹಾಗೆ ಇದಕ್ಕೂ ರಾತ್ರಿ ಮರೆ ಇಲ್ಲ, ನೆನಪಿರಲಿ.

ಜಾರುವ ಗಾಜಿನ ಬಾಗಿಲು: ಓಡಾಡುವ ಕಡೆಯನ್ನು ಖಾಲಿ ಬಿಟ್ಟು, ಪರದೆ ಪೂರ್ತಿ ಇನ್ನೊಂದು ಪಕ್ಕಕ್ಕೆ ಸರಿಯುವ ಹಾಗೆ ಟ್ರ್ಯಾಕ್ ಹಾಕಿಸಿ.

4. ರಾಡ್ ಮತ್ತು ಗೋಡೆ

ಪರದೆ ಪೂರ್ತಿ ಸರಿಸಿದಾಗ ಬಟ್ಟೆ ಒಂದು ಕಡೆ ಗುಂಪಾಗಿ ನಿಲ್ಲಬೇಕಲ್ಲ, ಅದಕ್ಕೆ ಜಾಗ ಬೇಕು. ಬಟ್ಟೆಯ ದಪ್ಪ ನೋಡಿಕೊಂಡು ರಾಡಿನ ಉದ್ದದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೂ ಅದೇ ತಿನ್ನುತ್ತದೆ. ರಾಡ್ ಚೌಕಟ್ಟಿನಷ್ಟೇ ಅಗಲ ಇದ್ದರೆ ಈ ಗುಂಪು ಗಾಜಿನ ಮೇಲೆ ನಿಲ್ಲುತ್ತದೆ, ಹಗಲೂ ಕೋಣೆ ಮಬ್ಬು. ಆದ್ದರಿಂದ ಪ್ರತಿ ಪಕ್ಕಕ್ಕೂ 15ರಿಂದ 25 ಸೆಂ.ಮೀ. ಹೆಚ್ಚು ಕೊಡಿ. ಎತ್ತರದಲ್ಲಿ ಚೌಕಟ್ಟಿನ ಮೇಲೆ ಕನಿಷ್ಠ 10ರಿಂದ 15 ಸೆಂ.ಮೀ. ಇರಲಿ. ಸೀಲಿಂಗಿನ ಹತ್ತಿರಕ್ಕೆ ಏರಿಸಿದರೆ ಕೋಣೆ ಎತ್ತರವಾಗಿ ಕಾಣುತ್ತದೆ, ಬಟ್ಟೆ ಸ್ವಲ್ಪ ಜಾಸ್ತಿ ಬೇಕಾಗುತ್ತದೆ. ಕಾಗದದ ಟೇಪಿನಿಂದ ಗೋಡೆಯ ಮೇಲೆ ರಾಡಿನ ಜಾಗ ಗುರುತು ಮಾಡಿ, ಕಿಟಕಿ ಬಾಗಿಲು ಪೂರ್ತಿ ತೆರೆದು ನೋಡಿ. ಒಳಗೆ ತೆರೆಯುವ ಬಾಗಿಲಾದರೆ ಅದರ ಮೇಲ್ತುದಿ ರಾಡಿಗೆ ತಗಲಬಾರದು.

ಕಿಟಕಿಯ ಮೇಲೆ ಸಾಮಾನ್ಯವಾಗಿ ಕಾಂಕ್ರೀಟ್ ಲಿಂಟಲ್ ಇರುತ್ತದೆ. ಸಾದಾ ಡ್ರಿಲ್ ಹತ್ತುವುದಿಲ್ಲ, ಹ್ಯಾಮರ್ ಡ್ರಿಲ್ ಬೇಕು. ಸ್ವಿಚ್ ಬೋರ್ಡಿನ ನೇರ ಮೇಲೆ ಕೊರೆಯಬೇಡಿ, ಒಳಗೆ ವೈರ್ ಹೋಗಿರುವ ಸಾಧ್ಯತೆ ಹೆಚ್ಚು. ಜಿಪ್ಸಂ ಸೀಲಿಂಗಿಗೆ ಟ್ರ್ಯಾಕ್ ಹಾಕುವುದಾದರೆ ಒಳಗಡೆ ಪ್ಲೈವುಡ್ ಪಟ್ಟಿ ಇರಲೇಬೇಕು. ಬರೀ ಜಿಪ್ಸಂ ಪರದೆಯ ಭಾರ ತಾಳುವುದಿಲ್ಲ. ಮನೆಯ ಕೆಲಸ ಇನ್ನೂ ನಡೆಯುತ್ತಿದ್ದರೆ ಸೀಲಿಂಗ್ ಮುಚ್ಚುವ ಮುಂಚೆಯೇ ಇದನ್ನು ಹೇಳಿಬಿಡಿ.

ಬ್ರ್ಯಾಕೆಟ್‌ಗಳ ನಡುವೆ ಹೆಚ್ಚೆಂದರೆ 1.2 ಮೀಟರ್ ಇರಲಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಬಟ್ಟೆಯ ಮೇಲಂಚಿನಲ್ಲೇ ಉಂಗುರ ಕೂರಿಸಿ ನೇರ ರಾಡಿಗೆ ಪೋಣಿಸುವ ಐಲೆಟ್ ಪರದೆ ನಡುವಿನ ಬ್ರ್ಯಾಕೆಟ್ ದಾಟಿ ಹೋಗುವುದಿಲ್ಲ. ಎರಡು ಪರದೆ ಎರಡು ಕಡೆಗೆ ಸರಿಯುವುದಾದರೆ ತೊಂದರೆ ಇಲ್ಲ. ಒಂದೇ ದೊಡ್ಡ ಪರದೆ ಒಂದು ಕಡೆಗೆ ಸರಿಯಬೇಕಾದರೆ ಟ್ರ್ಯಾಕ್ ಹಾಕಿಸುವುದೇ ಸರಿ. ನೇತುಹಾಕುವಾಗ ಪ್ರತಿ ಪರದೆಯ ಹೊರಗಿನ ಕೊನೆಯ ಉಂಗುರವನ್ನು ಬ್ರ್ಯಾಕೆಟ್‌ಗೂ ರಾಡಿನ ತುದಿಯ ಗುಂಡಿಗೂ ನಡುವೆ ಇಡಿಸಿ. ಆಗ ಎಷ್ಟು ಜೋರಾಗಿ ಎಳೆದರೂ ಹೊರ ಅಂಚು ಗೋಡೆಯ ಪಕ್ಕ ಬಿಟ್ಟು ಬರುವುದಿಲ್ಲ.

5. ಅಳತೆ

ರಾಡ್ ಕೂರಿಸಿದ ಮೇಲೆ ಅಳೆಯುವುದೇ ಕ್ಷೇಮ. "ರಾಡ್ ಅಲ್ಲಿ ಬರುತ್ತದೆ" ಎಂಬ ಅಂದಾಜಿನಲ್ಲಿ ಹೊಲಿಸಿದರೆ ಒಂದೆರಡು ಸೆಂ.ಮೀ. ಏರುಪೇರು ಆಗಿಯೇ ಆಗುತ್ತದೆ.

ಕರ್ಟನ್‌ಗೆ ಅಗಲ ಅಂದರೆ ರಾಡಿನ ಅಗಲ, ಕಿಟಕಿಯದ್ದಲ್ಲ. ಉದ್ದವನ್ನು ಎಡ, ನಡು, ಬಲ ಮೂರೂ ಕಡೆ ನೆಲದವರೆಗೆ ಅಳೆಯಿರಿ. ನೆಲ ಸಮ ಇರುತ್ತದೆ ಎಂದು ನಂಬಬೇಡಿ. ಮೂರರಲ್ಲಿ ಚಿಕ್ಕದನ್ನು ತೆಗೆದುಕೊಂಡು ಅದರಲ್ಲಿ 1 ಸೆಂ.ಮೀ. ಕಳೆಯಿರಿ. ಅಷ್ಟು ಎತ್ತರದಲ್ಲಿ ನಿಂತ ಪರದೆ ನೆಲ ಮುಟ್ಟಿದ ಹಾಗೇ ಕಾಣುತ್ತದೆ, ನೆಲ ಒರೆಸುವಾಗ ಒದ್ದೆಯೂ ಆಗುವುದಿಲ್ಲ. ನೆಲದ ಮೇಲೆ ಹರಡಿಕೊಳ್ಳುವ ಉದ್ದನೆಯ ಪರದೆ ಫೋಟೊದಲ್ಲಿ ಚೆಂದ. ಧೂಳು ಗುಡಿಸುವವರನ್ನು ಕೇಳಿ ನೋಡಿ. ನೆಲದವರೆಗೆ ಬೇಡ, ಕೆಳಗೆ ಮೇಜು ಇದೆ ಅನ್ನುವ ಕಡೆ ಕಿಟಕಿ ಕಟ್ಟೆಯಿಂದ 15 ಸೆಂ.ಮೀ. ಕೆಳಗೆ ನಿಲ್ಲಿಸಿ. ಕಟ್ಟೆಗೂ ನೆಲಕ್ಕೂ ನಡುವೆ ಎಲ್ಲೋ ನಿಂತ ಪರದೆ ಕುಗ್ಗಿದ ಪ್ಯಾಂಟಿನ ಹಾಗೆ ಕಾಣುತ್ತದೆ.

ಬ್ಲೈಂಡ್‌ಗೆ ಎರಡು ಜಾಗ ಇದೆ: ಚೌಕಟ್ಟಿನ ಒಳಗೆ ಅಥವಾ ಹೊರಗೆ ಗೋಡೆಯ ಮೇಲೆ. ಒಳಗಾದರೆ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಚಿಕ್ಕದನ್ನು ಬರೆಯಿರಿ. ಮೂಲೆಯಿಂದ ಮೂಲೆಗೆ ಎರಡೂ ಓರೆಗಳನ್ನು ಅಳೆಯಿರಿ. ಎರಡೂ ಒಂದೇ ಬಂದರೆ ಚೌಕಟ್ಟು ನೇರ ಇದೆ. ಒಂದು ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಒಳಗೆ ಬೇಡ, ಹೊರಗೇ ಹಾಕಿಸಿ. ಬ್ಲೈಂಡಿನ ಪೆಟ್ಟಿಗೆ ಕೂರುವಷ್ಟು ಆಳ ಇದೆಯೇ, ಕಿಟಕಿಯ ಹಿಡಿ ಅಡ್ಡ ಬರುತ್ತದೆಯೇ ಎಂದೂ ನೋಡಿ.

ಇನ್ನು ಅತಿ ಹೆಚ್ಚು ಬ್ಲೈಂಡ್ ಕೆಡುವುದು ಒಂದೇ ಕಾರಣಕ್ಕೆ. ಒಳಗೆ ಸಲೀಸಾಗಿ ಕೂರಲಿ ಎಂದು ನೀವು 1 ಸೆಂ.ಮೀ. ಕಡಿಮೆ ಬರೆಯುತ್ತೀರಿ. ತಯಾರಿಸುವವರು ಅದೇ ಕಾರಣಕ್ಕೆ ತಮ್ಮ ಲೆಕ್ಕದಲ್ಲಿ ಇನ್ನಷ್ಟು ಕಳೆಯುತ್ತಾರೆ. ಎರಡು ಸಲ ಕಳೆದು ಕೊನೆಗೆ ಎರಡೂ ಪಕ್ಕ ಸಂದು. ಚೌಕಟ್ಟಿನ ನಿಜವಾದ ಅಳತೆ ಕೊಟ್ಟು "ಇದು ಕಿಟಕಿ ಗೂಡಿನ ಅಳತೆ, ಕಳೆಯುವುದು ನಿಮ್ಮ ಕೆಲಸ" ಎಂದು ಚೀಟಿಯಲ್ಲೇ ಬರೆಯಿರಿ.

ಯಾವಾಗಲೂ ಮೊದಲು ಅಗಲ, ಆಮೇಲೆ ಎತ್ತರ. ಸೆಂ.ಮೀ. ಆದರೆ ಎಲ್ಲಾ ಸೆಂ.ಮೀ., ಇಂಚು ಆದರೆ ಎಲ್ಲಾ ಇಂಚು. ಮರುದಿನ ಇನ್ನೊಮ್ಮೆ ಅಳೆಯಿರಿ, ಸಾಧ್ಯವಾದರೆ ಬೇರೆಯವರ ಕೈಯಲ್ಲಿ.

6. ಎಷ್ಟು ಬಟ್ಟೆ ಬೇಕು?

ಪರದೆ ದುಬಾರಿಯಾಗಿ ಕಾಣುವುದೋ ಬಡಕಲಾಗಿ ಕಾಣುವುದೋ ನಿರ್ಧಾರ ಆಗುವುದು ಇಲ್ಲಿ. ರಾಡಿನ ಅಗಲದ ಎಷ್ಟು ಪಟ್ಟು ಬಟ್ಟೆ ಹಾಕುತ್ತೀರಿ ಅನ್ನುವುದರ ಮೇಲೆ ನೆರಿಗೆ ತುಂಬಿಕೊಳ್ಳುತ್ತದೆ. ಐಲೆಟ್‌ಗೆ ಒಂದೂವರೆಯಿಂದ ಎರಡು ಪಟ್ಟು. ದಾರ ಎಳೆದು ಸಣ್ಣ ಸಣ್ಣ ನೆರಿಗೆ ಮಾಡುವ ಪೆನ್ಸಿಲ್ ಪ್ಲೀಟ್‌ಗೆ ಎರಡು. ಎರಡು ಮೂರು ನೆರಿಗೆ ಸೇರಿಸಿ ಚಿವುಟಿ ಹೊಲಿಯುವ ಪಿಂಚ್ ಪ್ಲೀಟ್‌ಗೆ ಎರಡೂವರೆ. ಶೀರ್‌ಗೆ ಎರಡೂವರೆಯಿಂದ ಮೂರು. ದುಡ್ಡು ಉಳಿಸಬೇಕಾದರೆ ಕಡಿಮೆ ಬೆಲೆಯ ಬಟ್ಟೆ ತೆಗೆದುಕೊಂಡು ಪೂರ್ತಿ ನೆರಿಗೆ ಹಾಕಿಸಿ. ಬೆಲೆಬಾಳುವ ಬಟ್ಟೆಯನ್ನು ಒಂದೂಕಾಲು ಪಟ್ಟಿಗೆ ಎಳೆದು ಹಾಕಿದರೆ ಬೆಡ್‌ಶೀಟ್ ಒಣಗಿಸಿದ ಹಾಗಿರುತ್ತದೆ.

ಒಂದು ಲೆಕ್ಕ ಮಾಡೋಣ. ಚೌಕಟ್ಟು 150 ಸೆಂ.ಮೀ. ಅಗಲ. ಎರಡು ಪಕ್ಕ 20ರಂತೆ ಸೇರಿಸಿ ರಾಡ್ 190. ಎರಡು ಪಟ್ಟು ಅಂದರೆ 380. ಎರಡು ಪರದೆಗಳ ಪಕ್ಕದ ಮಡಿಕೆಗೆ ಒಟ್ಟು 20 ಸೇರಿಸಿ. 400 ಸೆಂ.ಮೀ. ಆಯಿತು. ಪರದೆ ಬಟ್ಟೆ ಸಾಮಾನ್ಯವಾಗಿ 137 ಸೆಂ.ಮೀ., ಅಂದರೆ 54 ಇಂಚು ಅಗಲ ಬರುತ್ತದೆ. 400ನ್ನು 137ರಿಂದ ಭಾಗಿಸಿದರೆ 2.92. ಮೇಲಕ್ಕೆ ಏರಿಸಿ 3 ತುಂಡು, ಪ್ರತಿ ಪರದೆಗೆ ಒಂದೂವರೆ. ಅರ್ಧ ತುಂಡನ್ನು ಗೋಡೆಯ ಪಕ್ಕಕ್ಕೆ ಜೋಡಿಸಲು ಹೇಳಿ, ಹೊಲಿಗೆ ಎದ್ದು ಕಾಣುವುದಿಲ್ಲ.

ಉದ್ದ 230 ಎಂದುಕೊಳ್ಳಿ. ಕೆಳಗೆ 10 ಸೆಂ.ಮೀ. ಎರಡು ಸಲ ಮಡಚಲು 20, ಮೇಲಿನ ಪಟ್ಟಿಗೆ 10. ಒಂದು ತುಂಡಿಗೆ 260. ಮೂರಕ್ಕೆ 780, ಅಂದರೆ 7.8 ಮೀಟರ್. ಸಾದಾ ಬಟ್ಟೆಯಾದರೆ ಇಷ್ಟೇ.

ಈಗ ಅದೇ ಪರದೆಗೆ ದೊಡ್ಡ ಹೂವಿನ ಬಟ್ಟೆ ಇಷ್ಟವಾಯಿತು ಅನ್ನಿ. ಒಂದು ಹೂವು ಮತ್ತೆ ಅದೇ ಹೂವಾಗಿ ಬರಲು 64 ಸೆಂ.ಮೀ. ಬೇಕು. ಇದಕ್ಕೆ ರಿಪೀಟ್ ಅನ್ನುತ್ತಾರೆ. ಅಕ್ಕಪಕ್ಕದ ತುಂಡುಗಳಲ್ಲಿ ಹೂವು ಒಂದೇ ಸಾಲಿಗೆ ಬರಬೇಕಾದರೆ ಪ್ರತಿ ತುಂಡನ್ನೂ ಪೂರ್ತಿ ರಿಪೀಟ್‌ಗಳ ಲೆಕ್ಕದಲ್ಲಿ ಕತ್ತರಿಸಬೇಕು. ನಾಲ್ಕು ರಿಪೀಟ್ ಅಂದರೆ 256. ನಮಗೆ ಬೇಕಾದ್ದು 260. ನಾಲ್ಕು ಸೆಂ.ಮೀ. ಸಾಲದ್ದಕ್ಕೆ ಐದನೇ ರಿಪೀಟ್‌ಗೆ ಹೋಗಬೇಕು: ತುಂಡಿಗೆ 320, ಒಟ್ಟು 9.6 ಮೀಟರ್. 1.8 ಮೀಟರ್ ಬಟ್ಟೆ ಸುಮ್ಮನೆ ಹೋಯಿತು. ಇಲ್ಲಿ ಟೈಲರ್ ಜೊತೆ ಕೂತು ಮಾತಾಡಿ. ಕೆಳಗಿನ ಮಡಿಕೆಯನ್ನು 10ರ ಬದಲು 8 ಸೆಂ.ಮೀ. ಮಾಡಿದರೆ ತುಂಡು 256ಕ್ಕೇ ಇಳಿಯುತ್ತದೆ, 7.68 ಮೀಟರ್ ಸಾಕು. ಬಟ್ಟೆ ಕತ್ತರಿಸಿದ ಮೇಲೆ ಈ ಮಾತು ಆಡಿ ಉಪಯೋಗ ಇಲ್ಲ.

280 ಸೆಂ.ಮೀ. ಅಗಲದ ಬಟ್ಟೆಯೂ ಸಿಗುತ್ತದೆ. ಅದನ್ನು ಅಡ್ಡ ತಿರುಗಿಸಿ, ಬಟ್ಟೆಯ ಅಗಲವನ್ನೇ ಪರದೆಯ ಉದ್ದ ಮಾಡಿಕೊಳ್ಳುತ್ತಾರೆ. ಮೇಲಿನ ಲೆಕ್ಕಕ್ಕೆ 4 ಮೀಟರ್ ಸಾಕು, ಒಂದೂ ಜೋಡಣೆ ಇರುವುದಿಲ್ಲ. ಗೆರೆ ಅಥವಾ ಬಳ್ಳಿ ಇದ್ದರೆ ಮಾತ್ರ ಹುಷಾರು, ತಿರುಗಿಸಿದರೆ ಬಳ್ಳಿ ಮಲಗಿಬಿಡುತ್ತದೆ.

7. ಈಗ ಬಟ್ಟೆ

ತುಂಡು ಮಾದರಿ ನೋಡಿ ತೀರ್ಮಾನ ಮಾಡಬೇಡಿ. ಸಾಧ್ಯವಾದರೆ ಅರ್ಧ ಮೀಟರ್ ಕೊಂಡು ತಂದು ಅದೇ ಕಿಟಕಿಗೆ ನೇತುಹಾಕಿ. ಹಗಲು ಬೆಳಕು ಹಿಂದಿನಿಂದ ಬಂದಾಗ ಒಂದು ಬಣ್ಣ, ರಾತ್ರಿ ದೀಪ ಮುಂದಿನಿಂದ ಬಿದ್ದಾಗ ಇನ್ನೊಂದು. ಅಂಗಡಿಯ ಮೇಜಿನ ಮೇಲೆ ಕಂಡ ಬಣ್ಣ ಇವೆರಡೂ ಅಲ್ಲ.

ಅದೇ ತುಂಡಿನ ಮೇಲೆ ಇನ್ನೂ ಮೂರು ಪರೀಕ್ಷೆ ಮಾಡಿ. ಮುಷ್ಟಿಯಲ್ಲಿ ಒಂದು ನಿಮಿಷ ಮುದುರಿ ಹಿಡಿದು ಬಿಡಿ, ಸುಕ್ಕು ಎಷ್ಟು ಉಳಿಯುತ್ತದೆ ನೋಡಿ. ಲಿನನ್‌ನಲ್ಲಿ ಉಳಿದೇ ಉಳಿಯುತ್ತದೆ, ಅದನ್ನು ಇಷ್ಟಪಡುವವರು ಮಾತ್ರ ಅದನ್ನು ತೆಗೆದುಕೊಳ್ಳಬೇಕು. ಹಿಂದಿನಿಂದ ಫೋನಿನ ಟಾರ್ಚ್ ಬಿಡಿ, ಎಷ್ಟು ಬೆಳಕು ತೂರುತ್ತದೆ ಗೊತ್ತಾಗುತ್ತದೆ. ಕೊನೆಗೆ ಅಳತೆ ಬರೆದಿಟ್ಟುಕೊಂಡು ಒಗೆದು ಒಣಗಿಸಿ ಮತ್ತೆ ಅಳೆಯಿರಿ. ಹತ್ತಿ ಬಟ್ಟೆ ಶೇಕಡಾ 3 ಕುಗ್ಗಿದರೂ 230 ಸೆಂ.ಮೀ. ಪರದೆಯಲ್ಲಿ ಸುಮಾರು 7 ಸೆಂ.ಮೀ. ಹೋಯಿತು. ಕುಗ್ಗುವ ಬಟ್ಟೆಯನ್ನು ಮೊದಲೇ ಒಗೆಸಿ ಆಮೇಲೆ ಕತ್ತರಿಸಲಿ. ಕುಗ್ಗುವಷ್ಟನ್ನು ಲೆಕ್ಕಕ್ಕೆ ಸೇರಿಸಿಕೊಂಡು ಬಟ್ಟೆ ಕೊಳ್ಳಿ.

ಪಾಲಿಯೆಸ್ಟರ್ ಕುಗ್ಗುವುದು, ಸುಕ್ಕಾಗುವುದು ಕಡಿಮೆ. ದಿನಬಳಕೆಗೆ ಹಗುರ. ಹತ್ತಿ, ಲಿನನ್ ಬೀಳುವ ರೀತಿಯೇ ಬೇರೆ, ಆದರೆ ಬಿಸಿಲಿಗೆ ಬಣ್ಣ ಮಾಸುತ್ತದೆ. ರೇಷ್ಮೆಯನ್ನು ನೇರ ಬಿಸಿಲಿಗೆ ಹಾಕಲೇಬೇಡಿ. ಬಣ್ಣ ಹೋಗುವುದಷ್ಟೇ ಅಲ್ಲ, ನೂಲೇ ಸೊರಗಿ ಮಡಿಕೆಗಳಲ್ಲಿ ಹರಿಯುತ್ತದೆ. ಹಾಕಲೇಬೇಕು ಅಂದರೆ ಹಿಂದೆ ಲೈನಿಂಗ್ ಕೊಡಿಸಿ, ಅಂದರೆ ಹಿಂಬದಿಯ ಒಳಪದರ. ಲೈನಿಂಗ್ ಯಾವ ಬಟ್ಟೆಗಾದರೂ ಒಳ್ಳೆಯದೇ. ಬಿಸಿಲಿನ ಪೆಟ್ಟು ಅದು ತಿನ್ನುತ್ತದೆ, ಪರದೆಗೆ ತೂಕ ಬಂದು ನೆರಿಗೆ ನೇರ ಬೀಳುತ್ತದೆ, ಹೊರಗಿನಿಂದ ನೋಡಿದಾಗ ಎಲ್ಲಾ ಕಿಟಕಿಗಳೂ ಒಂದೇ ಬಿಳಿ ಕಾಣುತ್ತವೆ. ಬ್ಲ್ಯಾಕ್‌ಔಟ್ ಲೈನಿಂಗ್‌ಗೆ ಗುಂಡುಸೂಜಿ ಚುಚ್ಚಬೇಡಿ ಎಂದು ಟೈಲರ್‌ಗೆ ಹೇಳಿ. ಲೇಪದಲ್ಲಿ ಬಿದ್ದ ತೂತು ಮುಚ್ಚುವುದಿಲ್ಲ, ಬೆಳಿಗ್ಗೆ ಬೆಳಕಿನ ಚುಕ್ಕಿಗಳಾಗಿ ಕಾಣುತ್ತದೆ.

ವೆಲ್ವೆಟ್‌ಗೆ ಮುಖ ಇದೆ. ಕೈ ಒಂದು ಕಡೆ ಸವರಿದರೆ ನುಣುಪು, ಇನ್ನೊಂದು ಕಡೆ ಒರಟು. ಎಲ್ಲಾ ತುಂಡುಗಳೂ ಒಂದೇ ದಿಕ್ಕಿಗೆ ಇರಬೇಕು, ಇಲ್ಲದಿದ್ದರೆ ಎರಡು ಬಣ್ಣದ ಬಟ್ಟೆ ತಂದ ಹಾಗೆ ಕಾಣುತ್ತದೆ.

ಒಂದು ಕೋಣೆಗೆ ಬೇಕಾದ ಬಟ್ಟೆ ಪೂರ್ತಿ ಒಂದೇ ರೋಲಿನಿಂದ ಬರಲಿ. "ಆಮೇಲೆ ಇನ್ನೆರಡು ಮೀಟರ್ ತರೋಣ" ಅಂದರೆ ಬಣ್ಣದಲ್ಲಿ ಒಂದು ಎಳೆ ವ್ಯತ್ಯಾಸ ಬರಬಹುದು.

8. ಆರ್ಡರ್ ಚೀಟಿ

ಬಾಯಿಮಾತು ಬೇಡ. ಪ್ರತಿ ಕಿಟಕಿಗೆ ಹೆಸರು ಕೊಟ್ಟು ಇವನ್ನು ಬರೆಸಿ: ಹೊಲಿದು ಮುಗಿದ ಮೇಲಿನ ಅಗಲ ಮತ್ತು ಉದ್ದ, ಎಷ್ಟು ಪಟ್ಟು ನೆರಿಗೆ, ಮೇಲಂಚಿನ ಬಗೆ, ಲೈನಿಂಗ್, ಕೆಳಮಡಿಕೆ ಎಷ್ಟು, ಎಷ್ಟು ಪರದೆ, ಯಾವ ಕಡೆ ಸರಿಯುತ್ತದೆ. ಉದ್ದವನ್ನು ಎಲ್ಲಿಂದ ಅಳೆದದ್ದು ಎಂಬುದೂ ಇರಲಿ. ಐಲೆಟ್ ಪರದೆಯ ಮೇಲಂಚು ರಾಡಿಗಿಂತ ಮೇಲೆ ಬರುತ್ತದೆ, ಕೊಕ್ಕೆ ಹಾಕಿದ್ದು ರಾಡಿನ ಕೆಳಗೆ ತೂಗುತ್ತದೆ. ಐಲೆಟ್ ಉಂಗುರಗಳು ಪ್ರತಿ ಪರದೆಗೂ ಸಮಸಂಖ್ಯೆಯಲ್ಲಿರಬೇಕು. 8 ಅಥವಾ 10, 9 ಅಲ್ಲ. ಆಗ ಎರಡೂ ತುದಿ ಗೋಡೆಯ ಕಡೆ ತಿರುಗುತ್ತವೆ, ಬೆಸವಾದರೆ ಒಂದು ತುದಿ ಕೋಣೆಯ ಕಡೆ ಚಾಚಿಕೊಳ್ಳುತ್ತದೆ.

ಅಳತೆ ಯಾರು ತೆಗೆದದ್ದು ಎಂದೂ ಚೀಟಿಯಲ್ಲಿರಲಿ. ಹೊಲಿಯುವವರೇ ಬಂದು ಅಳೆದಿದ್ದರೆ ತಪ್ಪಾದಾಗ ಸರಿಪಡಿಸುವುದು ಅವರ ಪಾಲು. ನೀವು ಕೊಟ್ಟಿದ್ದರೆ ನಿಮ್ಮ ಪಾಲು. ಕಿಟಕಿಗಳು ಜಾಸ್ತಿ ಇದ್ದರೆ ಅಳೆಯುವ ಕೆಲಸ ಅವರಿಗೇ ಬಿಡಿ, ನಿಮ್ಮ ಪುಸ್ತಕದ ಅಳತೆ ಜೊತೆ ತಾಳೆ ನೋಡಿ. ಉಳಿದ ತುಂಡುಗಳನ್ನು ಕೇಳಿ ಪಡೆಯಿರಿ, ಪರದೆ ಕಟ್ಟುವ ಪಟ್ಟಿಗೋ ತೇಪೆಗೋ ಬೇಕಾಗುತ್ತದೆ.

9. ನೇತುಹಾಕಿದ ದಿನ

ಕೂರಿಸಲು ಬಂದವರು ಹೊರಡುವ ಮುಂಚೆ ಪ್ರತಿ ಪರದೆಯನ್ನೂ ನೀವೇ ತೆರೆದು ಮುಚ್ಚಿ ನೋಡಿ. ಕೆಳ ಅಂಚು ನೆಲಕ್ಕೆ ಸಮ ಇದೆಯೇ, ಹೂವಿನ ಸಾಲು ಕೂಡುತ್ತದೆಯೇ, ನಡುವೆ ಬೆಳಕು ಬರುತ್ತದೆಯೇ, ಬ್ಲೈಂಡ್ ಮೇಲೇರುವಾಗ ಒಂದು ಪಕ್ಕಕ್ಕೆ ಎಳೆಯುತ್ತದೆಯೇ. ಏನಿದ್ದರೂ ಆಗಲೇ ಹೇಳಿ.

ಹೊಸ ಪರದೆ ಮೊದಲು ಉಬ್ಬಿಕೊಂಡು ನಿಲ್ಲುತ್ತದೆ. ಪೂರ್ತಿ ಸರಿಸಿ, ನೆರಿಗೆಗಳನ್ನು ಮೇಲಿಂದ ಕೆಳಗೆ ಕೈಯಿಂದ ಒಂದೊಂದಾಗಿ ಜೋಡಿಸಿ, ಮೂರು ಕಡೆ ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿ ಎರಡು ಮೂರು ದಿನ ಬಿಡಿ. ಆಮೇಲೆ ನೆರಿಗೆ ತಾನಾಗಿ ಅದೇ ಜಾಗಕ್ಕೆ ಮಡಚಿಕೊಳ್ಳುತ್ತದೆ. ಗಟ್ಟಿಯಾಗಿ ಕಟ್ಟಿದರೆ ಕಟ್ಟಿನ ಗುರುತು ಉಳಿಯುತ್ತದೆ. ಲಿನನ್ ಮತ್ತು ಸಡಿಲ ನೇಯ್ಗೆಯ ಬಟ್ಟೆ ತನ್ನ ತೂಕಕ್ಕೆ ತಾನೇ ಸ್ವಲ್ಪ ಇಳಿಯುತ್ತದೆ. ಅಂಥದ್ದಕ್ಕೆ ಕೆಳಮಡಿಕೆಯನ್ನು ದಾರದ ದೊಡ್ಡ ಹೊಲಿಗೆಯಲ್ಲಿ ತಾತ್ಕಾಲಿಕವಾಗಿ ಹಾಕಿಸಿ, ಒಂದು ವಾರ ತೂಗಲು ಬಿಟ್ಟು ಆಮೇಲೆ ಗಟ್ಟಿ ಹೊಲಿಸಿ.

ಧೂಳಿಗೆ ವ್ಯಾಕ್ಯೂಮ್‌ನ ಮೆತ್ತನೆಯ ಬ್ರಷ್ ಸಾಕು. ಒಗೆಯುವಾಗ ಕೊಕ್ಕೆಗಳನ್ನು ತೆಗೆದು, ಮೆಷಿನ್ನಿಗೆ ಒಂದು ಸಲಕ್ಕೆ ಒಂದೇ ಪರದೆ ಹಾಕಿ. ನೀರು ಕುಡಿದ ಮೇಲೆ ಅದರ ತೂಕ ನೀವು ಎಣಿಸಿದ್ದಕ್ಕಿಂತ ಜಾಸ್ತಿ. ಬ್ಲ್ಯಾಕ್‌ಔಟ್ ಲೇಪ ಇದ್ದದ್ದನ್ನು ಹಿಂಡಬೇಡಿ, ಡ್ರೈಯರ್‌ಗೆ ಹಾಕಬೇಡಿ, ಲೇಪ ಬಿರುಕು ಬಿಡುತ್ತದೆ. ಉಳಿದ ಪರದೆಗಳನ್ನು ನೀರು ತೊಟ್ಟಿಕ್ಕುವುದು ನಿಂತ ಮೇಲೆ ಸ್ವಲ್ಪ ಹಸಿ ಇರುವಾಗಲೇ ರಾಡಿಗೆ ಏರಿಸಿಬಿಡಿ. ಸುಕ್ಕು ಅರ್ಧಕ್ಕರ್ಧ ಅದರ ತೂಕಕ್ಕೇ ಹೋಗುತ್ತದೆ. ರಾಡ್ ಕಬ್ಬಿಣದ್ದಾಗಿದ್ದು ಬಣ್ಣ ಎದ್ದಿದ್ದರೆ ಮಾತ್ರ ಹೀಗೆ ಮಾಡಬೇಡಿ, ತುಕ್ಕಿನ ಕಲೆ ಹತ್ತಿದರೆ ಬಿಡಿಸುವುದು ಕಷ್ಟ.